ಅಶ್ವಶಕ್ತಿಯ ನೆಪ, ಸದ್ದಿನ ವ್ಯಾಪಾರ

2025ರ ಜೂನ್‌ನಲ್ಲಿ ಅಮೆರಿಕದ ರ‍್ಯಾಮ್ ಕಂಪನಿ ತನ್ನದೇ ತೀರ್ಮಾನವೊಂದನ್ನು ತಿರುವುಮುರುವು ಮಾಡಿತು. ತನ್ನ 1500 ಪಿಕಪ್ ಟ್ರಕ್ಕಿನಿಂದ ಒಂದು ವರ್ಷದ ಹಿಂದಷ್ಟೇ ಕಿತ್ತುಹಾಕಿದ್ದ 5.7 ಲೀಟರಿನ ಹೆಮಿ ವಿ8 ಎಂಜಿನ್ನನ್ನು 2026ರ ಮಾದರಿಗೆ ವಾಪಸ್ ತರುವುದಾಗಿ ಪ್ರಕಟಿಸಿತು. ಹೆಮಿಯ ಜಾಗಕ್ಕೆ ಬಂದಿದ್ದ ಹರಿಕೇನ್ ಎಂಬ ಆರು ಸಿಲಿಂಡರಿನ, ಜೋಡಿ ಟರ್ಬೊ ಎಂಜಿನ್ ಬಡಕಲೇನೂ ಅಲ್ಲ. ಅದರ ಸಾಧಾರಣ ಆವೃತ್ತಿಯೇ 420 ಅಶ್ವಶಕ್ತಿ, 469 ಪೌಂಡ್-ಅಡಿ ಟಾರ್ಕ್ ಕೊಡುತ್ತದೆ. ಹಳೆಯ ಹೆಮಿಯದು 395 ಮತ್ತು 410. ಕಾಗದದ ಮೇಲಿನ ಎರಡೂ ಅಂಕಿಗಳಲ್ಲಿ ಸೋತ ಎಂಜಿನ್ನಿಗೆ ಕಂಪನಿ ಹಲವು ಮಾದರಿಗಳಲ್ಲಿ 1,200 ಡಾಲರ್ ಹೆಚ್ಚುವರಿ ಬೆಲೆ ಇಟ್ಟಿತು. ಎಂಜಿನ್ನಿನೊಳಗಿಂದ ಟಗರಿನ ತಲೆ ನುಗ್ಗಿಬರುವಂಥ ಲಾಂಛನವೊಂದನ್ನು ಮಾಡಿಸಿ, ‘ಪ್ರತಿಭಟನೆಯ ಚಿಹ್ನೆ’ ಎಂದು ಹೆಸರಿಟ್ಟು ಬದಿಗೆ ಅಂಟಿಸಿತು. ಜೊತೆಗೆ ಜೋರು ದನಿಯ ಎಕ್ಸಾಸ್ಟನ್ನು ಬೇರೆ ಕಾಸು ಕೇಳದೆ ಕೊಟ್ಟಿತು. ಮೊದಲ ಇಪ್ಪತ್ನಾಲ್ಕು ಗಂಟೆಯಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಆರ್ಡರ್ ಬಂದವು ಎಂದು ಕಂಪನಿಯೇ ಹೇಳಿಕೊಂಡಿತು. ಟರ್ಬೊ ಕೆಟ್ಟರೆ ರಿಪೇರಿಗೆ ದುಡ್ಡು ಸುರಿಯಬೇಕಲ್ಲ ಎಂಬ ಅಂಜಿಕೆಯಿಂದ ಹಳೆಯ ಎಂಜಿನ್ ಬಯಸಿದವರೂ ಈ ಸಾಲಿನಲ್ಲಿ ಇದ್ದಾರು, ಒಪ್ಪೋಣ. ಆದರೆ ಕಂಪನಿ ಅವರ ಮುಂದೆ ಎತ್ತಿಹಿಡಿದದ್ದು ಬಾಳಿಕೆಯ ಲೆಕ್ಕವನ್ನಲ್ಲ, ವಿ8ರ ಗುಡುಗನ್ನು.

ಗಿರಾಕಿಗೆ ಬೇಕಿರುವುದು ಏನೆಂದು ರ‍್ಯಾಮ್ ಕಂಪನಿಗೆ ಗೊತ್ತಾಗಿದೆ. ಆದರೆ ಪಿಕಪ್‌ಗಳ ಎಕ್ಸಾಸ್ಟ್ ಬದಲಿಸಿಕೊಡುವ ಬಿಡಿಭಾಗಗಳ ಉದ್ಯಮ ಮಾತ್ರ ಅದನ್ನು ಇನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ‘ಪವರ್’ ಎಂಬ ಮಾತನ್ನೇ ಮುಂದಿಟ್ಟು ಮಾರುತ್ತದೆ. ನಮ್ಮಲ್ಲಿ ಪಿಕಪ್ ಎಂದರೆ ಟೊಮೆಟೊ ಕ್ರೇಟು ಹೇರಿಕೊಂಡು ಕೋಲಾರದ ಮಾರುಕಟ್ಟೆಗೆ ಹೋಗುವ ಬಡಪಾಯಿ ಗಾಡಿ. ಅಮೆರಿಕದಲ್ಲಿ ಅದು ಸಂಸಾರದ ಕಾರೂ ಹೌದು, ಕಸುಬಿನ ಸಾಧನವೂ ಹೌದು, ಯಜಮಾನನ ಗತ್ತೂ ಹೌದು. ಫೋರ್ಡ್ ಕಂಪನಿಯ ಎಫ್-ಸೀರೀಸ್ 1977ರಿಂದ ಅಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ಕು. ಇಂಥ ಗಾಡಿ ಕೊಂಡವನು ಮಾಡಿಸುವ ಮೊದಲ ಬದಲಾವಣೆಗಳಲ್ಲಿ ‘ಕ್ಯಾಟ್-ಬ್ಯಾಕ್’ ಕಿಟ್ ಒಂದು. ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದಿನಿಂದ ಬಾಲದ ತುದಿಯವರೆಗಿನ ಕೊಳವೆ, ಮಫ್ಲರ್, ತುದಿಯ ಹೊಳೆಯುವ ಬಾಯಿ, ಇಷ್ಟನ್ನೂ ಬದಲಿಸುವ ಸರಂಜಾಮು ಅದು. ಬೆಲೆ ಹೆಚ್ಚುಕಡಿಮೆ ಆರುನೂರು ಡಾಲರಿನಿಂದ ಒಂದೂವರೆ ಸಾವಿರದ ಆಚೀಚೆ. ಡಬ್ಬಿಯ ಮೇಲೆ ಮೊದಲು ಅಶ್ವಶಕ್ತಿ, ಆಮೇಲೆ ಟಾರ್ಕ್, ಆಮೇಲೆ ಮೈಲೇಜು, ಕಟ್ಟಕಡೆಗೆ ‘ಗಂಭೀರ ದನಿ’. ಈ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂಬುದು ನನ್ನ ವಾದ. ಅಲ್ಲಿ ನಿಜವಾಗಿ ಮಾರಾಟವಾಗುತ್ತಿರುವುದು ಸದ್ದು. ಶಕ್ತಿ ಒಂದು ನೆಪ. ಬಹಳಷ್ಟು ಕೆಡುಕು ಹುಟ್ಟುವುದು ಸದ್ದಿನಿಂದಲ್ಲ, ಈ ನೆಪದಿಂದ.

ನೆಪ ಹೊಸದೇನಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳ ಅಮೆರಿಕನ್ ಕಾರುಗಳಲ್ಲಿ ‘ಕಟೌಟ್’ ಎಂಬ ಕವಾಟ ಇರುತ್ತಿತ್ತು. ಕಾಲಿನಿಂದ ಒತ್ತಿದರೆ ಹೊಗೆ ಮಫ್ಲರಿನೊಳಗೆ ಹೋಗದೆ ನೇರ ಹೊರಗೆ ನುಗ್ಗುತ್ತಿತ್ತು. ದಿಬ್ಬ ಹತ್ತುವಾಗ ಎಂಜಿನ್ನಿಗೆ ಸ್ವಲ್ಪ ಉಸಿರಾಡಲು ಬಿಡಲಿ ಎಂಬುದು ಅದರ ಉದ್ದೇಶ. ಆ ಕಾಲದ ಮಫ್ಲರುಗಳು ನಿಜಕ್ಕೂ ಉಸಿರುಗಟ್ಟಿಸುತ್ತಿದ್ದವು, ಆದ್ದರಿಂದ ನೆಪದಲ್ಲಿ ಅಷ್ಟಿಷ್ಟು ಸತ್ಯವೂ ಇತ್ತು. ಆದರೆ ದಿಬ್ಬವೇ ಇಲ್ಲದ ಊರಿನ ಬೀದಿಗಳಲ್ಲೂ ಕಟೌಟ್ ತೆರೆದುಕೊಳ್ಳತೊಡಗಿದಾಗ ನಗರಸಭೆಗಳು ಒಂದೊಂದಾಗಿ ಅದನ್ನು ನಿಷೇಧಿಸಿದವು.

ಈಗಿನ ಟ್ರಕ್ಕಿನಲ್ಲಿ ಆ ಸತ್ಯ ಎಷ್ಟು ಉಳಿದಿದೆ? ಫೋರ್ಡ್ ಎಫ್-150ರ 5 ಲೀಟರಿನ ವಿ8 ಎಂಜಿನ್ನನ್ನೇ ತೆಗೆದುಕೊಳ್ಳೋಣ. 6,000 ಆರ್‌ಪಿಎಂನಲ್ಲಿ 400 ಅಶ್ವಶಕ್ತಿ ಕೊಡುವ ಎಂಜಿನ್ ಅದು. ಪಿಸ್ಟನ್ ಮೇಲೇರುತ್ತ ಸುಟ್ಟ ಅನಿಲವನ್ನು ಹೊರದೂಡುವಾಗ ಎದುರಿನಿಂದ ಎಷ್ಟು ಒತ್ತಡ ಇದೆಯೋ ಅಷ್ಟು ಕೆಲಸ ವ್ಯರ್ಥ. ಹೊಸ ಕಿಟ್ಟು ಈ ಎದುರೊತ್ತಡವನ್ನು 10 ಕಿಲೋಪಾಸ್ಕಲ್‌ನಷ್ಟು ಇಳಿಸಿತು ಎಂದು ಉದಾರವಾಗಿಯೇ ಇಟ್ಟುಕೊಳ್ಳಿ. ಅದು ವಾತಾವರಣದ ಒತ್ತಡದ ಸುಮಾರು ಹತ್ತರಲ್ಲೊಂದು ಭಾಗ. 6,000 ಆರ್‌ಪಿಎಂನಲ್ಲಿ ಎಂಜಿನ್ ಸೆಕೆಂಡಿಗೆ 50 ಸಲ ತನ್ನ ಪೂರ್ತಿ ಹೊಟ್ಟೆಯ ಅನಿಲವನ್ನು ಹೊರಹಾಕುತ್ತದೆ. ಒತ್ತಡವನ್ನು ಗಾತ್ರದಿಂದ, ಬಂದದ್ದನ್ನು ಆವರ್ತದಿಂದ ಗುಣಿಸಿದರೆ ಉಳಿತಾಯ 2.5 ಕಿಲೋವ್ಯಾಟ್, ಅಂದರೆ ಮೂರು ಚಿಲ್ಲರೆ ಅಶ್ವಶಕ್ತಿ. ಸಿಲಿಂಡರಿನಲ್ಲಿ ಉಳಿಯುವ ಹಳಸಲು ಅನಿಲ ಕಡಿಮೆಯಾಗಿ ಹೊಸ ಗಾಳಿಗೆ ಜಾಗವಾಗುವುದರಿಂದ ಇನ್ನೊಂದಿಷ್ಟು ಸೇರೀತು. ಎಲ್ಲ ಕೂಡಿದರೂ ನಾನೂರರ ಮುಂದೆ ಬೆರಳೆಣಿಕೆಯಷ್ಟು. ಅದೂ ಆಕ್ಸಿಲರೇಟರನ್ನು ಪೂರ್ತಿ ತುಳಿದು ಸೂಜಿಯನ್ನು ಮೇಲ್ತುದಿಗೆ ತಂದಾಗ ಮಾತ್ರ. ಹೆದ್ದಾರಿಯಲ್ಲಿ 1,800 ಆರ್‌ಪಿಎಂನಲ್ಲಿ ಆರಾಮವಾಗಿ ಹೋಗುವಾಗ ಕೊಳವೆಯಲ್ಲಿ ಹರಿಯುವ ಅನಿಲ ಐದರಲ್ಲೊಂದು ಪಾಲಿಗಿಂತಲೂ ಕಡಿಮೆ. ಎದುರೊತ್ತಡ ಹರಿವಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಅದು ಇಪ್ಪತ್ತೈದರಲ್ಲೊಂದು ಪಾಲಾಗುತ್ತದೆ. ಅದೇ ಗುಣಾಕಾರ ಮಾಡಿ ನೋಡಿದರೆ ಉಳಿತಾಯ ಸುಮಾರು 30 ವ್ಯಾಟ್. ಮನೆಯ ಮಾಮೂಲಿ ಸೀಲಿಂಗ್ ಫ್ಯಾನ್ ತಿರುಗಲು ಇದರ ಎರಡು ಪಟ್ಟು ಬೇಕು. ಮೈಲೇಜು ಹೆಚ್ಚುತ್ತದೆ ಎಂಬ ಆಶ್ವಾಸನೆಯ ಬುಡ ಇಷ್ಟೇ ಗಟ್ಟಿ.

ಗಾಡಿಯ ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಓಡಿಸಿ ತೆಗೆದ ನಕ್ಷೆಗಳಿವೆಯಲ್ಲ, ಅವುಗಳಲ್ಲಿ ಹನ್ನೆರಡು, ಹದಿನೈದು ಅಶ್ವಶಕ್ತಿ ಏರಿರುವುದು ಕಾಣುತ್ತದಲ್ಲ ಎಂದು ಕೇಳುವವರಿದ್ದಾರೆ. ನಕ್ಷೆ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಒಂದೇ ಟ್ರಕ್ಕನ್ನು, ಏನನ್ನೂ ಬದಲಿಸದೆ, ಅದೇ ಯಂತ್ರದ ಮೇಲೆ ಎರಡು ಸಲ ಓಡಿಸಿದರೂ ಫಲಿತಾಂಶ ಶೇಕಡಾ ಒಂದೆರಡರಷ್ಟು ಆಚೀಚೆ ಆಗುವುದು ಮಾಮೂಲು. 400 ಅಶ್ವಶಕ್ತಿಯ ಎಂಜಿನ್ನಿಗೆ ಅದೇ ನಾಲ್ಕರಿಂದ ಎಂಟು. ಎಂಜಿನ್ ಎಣ್ಣೆಯ ಬಿಸಿ, ಒಳಸೇರುವ ಗಾಳಿಯ ಉಷ್ಣತೆ, ಗೇರ್‌ಬಾಕ್ಸಿನ ಕಾವು, ಚಕ್ರಕ್ಕೆ ಬಿಗಿದ ಪಟ್ಟಿಯ ಸೆಳೆತ, ಎಲ್ಲವೂ ಅಂಕಿಯನ್ನು ಅಲುಗಾಡಿಸುತ್ತವೆ. ಮಾರುವವನು ಪ್ರಕಟಿಸುವುದು ಸರಾಸರಿಯನ್ನಲ್ಲ, ಅತ್ಯುತ್ತಮ ಓಟವನ್ನು. ಅದರಲ್ಲೂ ಗೆರೆ ಅತಿ ಹೆಚ್ಚು ಮೇಲೆದ್ದ ಒಂದು ಬಿಂದುವನ್ನು. ಆ ಬಿಂದು 5,800 ಆರ್‌ಪಿಎಂನಲ್ಲಿದ್ದರೆ ಟ್ರೇಲರ್ ಎಳೆಯುವ ಚಾಲಕ ಅಲ್ಲಿಗೆ ತಲುಪುವುದೇ ಅಪರೂಪ. ಇನ್ನೂ ಒಂದು ಸಂಗತಿ ಇದೆ. ಕಾರ್ಖಾನೆಯವರೇನು ಮಂಕುಗಳಲ್ಲ. ಒಂದೊಂದು ಅಶ್ವಶಕ್ತಿಗೂ ಜಾಹೀರಾತಿನಲ್ಲಿ ಜಗಳವಾಡುವ ಕಂಪನಿಗಳು ಸುಮ್ಮನೆ ಒಂದು ಕೊಳವೆಯ ವ್ಯಾಸ ಹೆಚ್ಚಿಸಿದರೆ ಹದಿನೈದು ಅಶ್ವಶಕ್ತಿ ಸಿಗುವಂತಿದ್ದರೆ ಅದನ್ನು ಬೇರೆಯವರಿಗೆ ಬಿಟ್ಟುಕೊಡುತ್ತಿರಲಿಲ್ಲ.

ಶಕ್ತಿಯ ನಿಜವಾದ ಗಣಿ ಇರುವುದು ಕನ್ವರ್ಟರಿನ ಮುಂದೆ, ಹೆಡರ್ ಎನ್ನುವ ಕೊಳವೆಗಳಲ್ಲಿ. ಪ್ರತಿ ಸಿಲಿಂಡರಿನಿಂದ ಹೊರಟ ಒತ್ತಡದ ಅಲೆ ಕೊಳವೆಗಳು ಕೂಡುವ ಜಾಗ ತಲುಪಿ ನಿರ್ವಾತದ ಅಲೆಯಾಗಿ ಹಿಂದಿರುಗುತ್ತದೆ. ಕವಾಟ ಮುಚ್ಚುವ ಮುನ್ನ ಅದು ಸರಿಯಾದ ಗಳಿಗೆಗೆ ಬಂದು ಸೇರಿದರೆ ಉಳಿದ ಹೊಗೆಯನ್ನು ಹೀರಿ ತೆಗೆಯುತ್ತದೆ. ಕೊಳವೆಯ ಉದ್ದ ಯಾವ ವೇಗಕ್ಕೆ ಹೊಂದುತ್ತದೋ ಆ ವೇಗದಲ್ಲಿ ಲಾಭ, ಉಳಿದೆಡೆ ನಷ್ಟವೂ ಆಗಬಹುದು. ‘ಎಂಜಿನ್ನಿಗೆ ಸ್ವಲ್ಪ ಎದುರೊತ್ತಡ ಬೇಕು, ಇಲ್ಲದಿದ್ದರೆ ಟಾರ್ಕ್ ಹೋಗುತ್ತದೆ’ ಎಂಬ ಗ್ಯಾರೇಜಿನ ಗಾದೆ ಹುಟ್ಟಿದ್ದು ಇದನ್ನು ಅರ್ಧ ತಿಳಿದವರಿಂದ. ಎದುರೊತ್ತಡ ಯಾವ ಎಂಜಿನ್ನಿಗೂ ಬೇಡ. ಬೇಕಿರುವುದು ಅನಿಲದ ವೇಗ ಮತ್ತು ಅಲೆಯ ತಾಳ. ತೀರ ದಪ್ಪ ಕೊಳವೆ ಹಾಕಿದವನು ಒತ್ತಡದ ಜೊತೆಗೆ ಇವೆರಡನ್ನೂ ಕಳೆದುಕೊಂಡು, ಕೆಳವೇಗದ ಎಳೆತ ಹೋಯಿತೆಂದು ಗೊಣಗುತ್ತಾನೆ. ಉದ್ದ ಕೊಳವೆಯ ಹೆಡರು ಕೂರಿಸಬೇಕಾದರೆ ಕನ್ವರ್ಟರನ್ನು ಅದರ ಮೂಲ ಜಾಗದಿಂದ ಕದಲಿಸಬೇಕು. ಅಲ್ಲಿಂದ ಅದನ್ನು ತೆಗೆದೇ ಹಾಕುವುದಕ್ಕೆ ಒಂದೇ ಹೆಜ್ಜೆ. ಶಕ್ತಿಯನ್ನೇ ನಂಬಿ ಹೊರಟವನ ಕಾಲು ಈ ಹೆಜ್ಜೆಯ ಕಡೆಗೇ ಎಳೆಯುತ್ತದೆ, ಏಕೆಂದರೆ ಕ್ಯಾಟ್-ಬ್ಯಾಕ್ ಅವನಿಗೆ ಕೊಟ್ಟ ಮಾತು ಉಳಿಸಿಕೊಂಡಿರುವುದಿಲ್ಲ.

ಟರ್ಬೊ ಎಂಜಿನ್ನಿನವರ ಆಕ್ಷೇಪ ಇದಕ್ಕಿಂತ ತೂಕದ್ದು. ಟರ್ಬೈನಿನ ಹಿಂದೆ ಒತ್ತಡ ಕಡಿಮೆಯಾದಷ್ಟೂ ಅದು ಚುರುಕಾಗಿ ತಿರುಗುತ್ತದೆ, ಆದ್ದರಿಂದ ನಮಗೆ ದಪ್ಪ ಕೊಳವೆ ನಿಜಕ್ಕೂ ಉಪಯೋಗ ಎನ್ನುತ್ತಾರೆ. ಭೌತಶಾಸ್ತ್ರದ ಪ್ರಕಾರ ಅದು ಸರಿ. ಆದರೆ ಇಂದಿನ ಎಂಜಿನ್ನಿನ ಕಂಪ್ಯೂಟರ್ ಟಾರ್ಕನ್ನು ಗುರಿಯಾಗಿಟ್ಟು ನಡೆಸುತ್ತದೆ. ಟರ್ಬೊ ಸುಲಭವಾಗಿ ತಿರುಗಿದರೆ ಕಂಪ್ಯೂಟರ್, ಹೊಗೆಯನ್ನು ಟರ್ಬೈನಿನಿಂದ ಬೇರೆಡೆ ತಿರುಗಿಸುವ ವೇಸ್ಟ್‌ಗೇಟನ್ನು ಇನ್ನಷ್ಟು ತೆರೆದು ಮೊದಲಿನ ಗುರಿಗೇ ತಂದು ನಿಲ್ಲಿಸುತ್ತದೆ. ಟರ್ಬೊ ತುಸು ಬೇಗ ಎಚ್ಚೆತ್ತುಕೊಳ್ಳಬಹುದು, ಬಿಸಿ ತುಸು ಇಳಿಯಬಹುದು. ಗುರಿಯನ್ನೇ ಎತ್ತರಿಸಬೇಕಾದರೆ ಕಂಪ್ಯೂಟರಿನ ಲೆಕ್ಕವನ್ನು ಬದಲಿಸಬೇಕು. ಆಗ ಶಕ್ತಿ ಕೊಟ್ಟದ್ದು ಆ ಬದಲಾವಣೆಯೇ ಹೊರತು ಕೊಳವೆಯಲ್ಲ.

ಹಾಗಾದರೆ ಸಾವಿರ ಡಾಲರು ಕೊಟ್ಟವನು ಮೋಸಹೋದನೇ? ಇಲ್ಲ. ಉಪ್ಪು ಸುರಿದ ಚಳಿಗಾಲದ ರಸ್ತೆಗಳ ಮಿಷಿಗನ್, ಒಹಾಯೊಗಳಲ್ಲಿ ಕಾರ್ಖಾನೆಯ ಅಗ್ಗದ ಉಕ್ಕಿನ ಕೊಳವೆ ತುಕ್ಕು ಹಿಡಿಯುವ ಕಡೆ, ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಇರುವ 304 ದರ್ಜೆಯ ಸ್ಟೇನ್‌ಲೆಸ್ ಕೊಳವೆ ಬಹುಕಾಲ ಬಾಳುತ್ತದೆ. ಅದು ಸಣ್ಣ ಲಾಭವಲ್ಲ. ದೊಡ್ಡ ಲಾಭ ಸದ್ದು. ಸದ್ದೆಂದರೆ ಬರೀ ಗದ್ದಲ ಎನ್ನುವವರಿಗೆ ಅದರ ಹಿಂದಿನ ಕುಸುರಿ ಗೊತ್ತಿಲ್ಲ. ಅಮೆರಿಕನ್ ವಿ8ರ ಆ ತೊಡರು ತೊಡರಾದ ಗುಡುಗುಡು ಬರುವುದು ಅದರ ಕ್ರ್ಯಾಂಕಿನ ವಿನ್ಯಾಸದಿಂದ. ಎಂಟೂ ಸಿಲಿಂಡರುಗಳು ಒಟ್ಟಾರೆ ಸಮ ಅಂತರದಲ್ಲೇ, 90 ಡಿಗ್ರಿಗೊಮ್ಮೆ, ಸಿಡಿಯುತ್ತವೆ. ಆದರೆ ಒಂದು ಬದಿಯ ನಾಲ್ಕನ್ನೇ ಕೇಳಿದರೆ ಅಂತರ 90, 180, 270, 180 ಡಿಗ್ರಿ ಎಂದು ಏರುಪೇರಾಗುತ್ತದೆ. ಎರಡು ಪೆಟ್ಟು ಒತ್ತೊತ್ತಾಗಿ, ಆಮೇಲೊಂದು ಬಿಡುವು. ಎರಡು ಬದಿಯ ಕೊಳವೆಗಳನ್ನು ಬೇರೆಬೇರೆಯಾಗಿ ಹಿಂದಕ್ಕೆ ಒಯ್ದರೆ ಈ ಲಯ ಹಾಗೇ ಉಳಿಯುತ್ತದೆ. ನಡುವೆ ಎಕ್ಸ್ ಆಕಾರದಲ್ಲಿ ಸೇರಿಸಿದರೆ ಪೆಟ್ಟುಗಳು ಬೆರೆತು ದನಿ ನಯವಾಗಿ, ಏರುಶ್ರುತಿಯಾಗುತ್ತದೆ. ಎಚ್ ಆಕಾರದಲ್ಲಿ ಸೇತುವೆ ಹಾಕಿದರೆ ನಡುವಿನ ಗಡಸು. ಮಫ್ಲರಿನಲ್ಲೂ ಎರಡು ಘರಾಣೆಗಳಿವೆ. ತೂತುತೂತಾದ ನೇರ ಕೊಳವೆಯ ಸುತ್ತ ಗಾಜಿನ ನಾರು ತುಂಬಿದ್ದು ಒಂದು. ಒಳಗೆ ತಗಡಿನ ಅಡ್ಡಗೋಡೆಗಳಿಂದ ಅಲೆಗಳನ್ನು ಪರಸ್ಪರ ಹೊಡೆಸಿ ಅಡಗಿಸುವುದು ಇನ್ನೊಂದು. 1983ರಲ್ಲಿ ಶುರುವಾದ ಫ್ಲೋಮಾಸ್ಟರ್ ಹೆಸರಾದದ್ದು ಈ ಎರಡನೆಯದರಿಂದ. ಇವೆರಡರ ದನಿಯ ವ್ಯತ್ಯಾಸವನ್ನು ಕಣ್ಣುಮುಚ್ಚಿ ಹೇಳಬಲ್ಲವರು ಪ್ರತಿ ಊರಿನಲ್ಲೂ ಇದ್ದಾರೆ.

ಈ ಕುಸುರಿಯ ಅತ್ಯಂತ ಜಾಣ ತುಣುಕು ಹೊರಗಿನವರ ಕಿವಿಗೆ ಬೀಳುವುದೇ ಇಲ್ಲ. ಕಿಟ್ ಹಾಕಿಸಿದ ಮೇಲೆ ಹೆದ್ದಾರಿಯಲ್ಲಿ ಕ್ಯಾಬಿನ್ನಿನೊಳಗೆ ತಲೆ ಚಿಟ್ಟುಹಿಡಿಸುವ ಒಂದು ಏಕತಾನದ ಗುಂಯ್ಗುಡುವಿಕೆ ಶುರುವಾಗುತ್ತದೆ. ಗ್ಯಾರೇಜಿನವರು ಅದನ್ನು ‘ಡ್ರೋನ್’ ಎನ್ನುತ್ತಾರೆ. 1,800 ಆರ್‌ಪಿಎಂನಲ್ಲಿ ಎಂಜಿನ್ ಸೆಕೆಂಡಿಗೆ 30 ಸುತ್ತು ತಿರುಗುತ್ತದೆ, ಸುತ್ತಿಗೆ ನಾಲ್ಕು ಸಿಡಿತ, ಅಂದರೆ 120 ಹರ್ಟ್ಸ್. ಆ ಕಂಪನಕ್ಕೆ ಕ್ಯಾಬಿನ್ನಿನ ತಗಡು, ಗಾಜು, ಒಳಗಿನ ಗಾಳಿ ಎಲ್ಲ ದನಿಗೂಡಿಸುತ್ತವೆ. ಮದ್ದೇನೆಂದರೆ ಮುಖ್ಯ ಕೊಳವೆಗೆ ಒಂದು ಕುರುಡು ಕವಲು ಬೆಸೆಯುವುದು, ತುದಿ ಮುಚ್ಚಿದ್ದು. ಅದರೊಳಗೆ ಹೋದ ಅಲೆ ತುದಿಗೆ ಬಡಿದು ಹಿಂದಿರುಗುವಾಗ ಸರಿಯಾಗಿ ಅರ್ಧ ತರಂಗದಷ್ಟು ತಡವಾಗಿ ಬಂದು ಮೂಲ ಅಲೆಯನ್ನು ಅಳಿಸಬೇಕು. ಅದಕ್ಕೆ ಕವಲಿನ ಉದ್ದ ತರಂಗದ ನಾಲ್ಕನೇ ಒಂದು ಪಾಲಿರಬೇಕು. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 500 ಮೀಟರ್ ಎಂದು ಹಿಡಿದರೆ ಒಂದು ಮೀಟರಿಗಿಂತ ತುಸು ಉದ್ದದ ಕೊಳವೆ ಸಾಕು. ಜೆ ಆಕಾರದಲ್ಲಿ ಬಾಗಿಸಿ ಟ್ರಕ್ಕಿನ ಅಡಿಯಲ್ಲಿ ಬಿಗಿದರೆ ಡ್ರೋನ್ ಮಾಯ. ಹೊರಗಿನ ಗುಡುಗು ಹಾಗೇ. ಈ ಕವಲಿನೊಳಗೆ ಹೊಗೆ ಹರಿದು ಹೋಗುವುದೇ ಇಲ್ಲ. ಅದು ಒಂದು ಅಶ್ವಶಕ್ತಿಯನ್ನೂ ಕೊಡುವುದಿಲ್ಲ. ಆದರೂ ಒಳ್ಳೆಯ ಕಿಟ್ಟನ್ನೂ ಕಳಪೆ ಕಿಟ್ಟನ್ನೂ ಬೇರ್ಪಡಿಸುವುದು ಇಂಥ ತುಣುಕೇ.

ಕಾರ್ಖಾನೆಗಳ ನಡವಳಿಕೆಯೂ ಇದನ್ನೇ ಹೇಳುತ್ತದೆ. ಫೋರ್ಡ್ ತನ್ನ ರ‍್ಯಾಪ್ಟರ್ ಪಿಕಪ್‌ನಲ್ಲಿ 411 ಅಶ್ವಶಕ್ತಿಯ ವಿ8 ತೆಗೆದು 2017ರಲ್ಲಿ 450 ಅಶ್ವಶಕ್ತಿಯ ವಿ6 ಟರ್ಬೊ ಹಾಕಿತು. ಶಕ್ತಿ ಹೆಚ್ಚಿತು, ಅಭಿಮಾನಿಗಳು ಮುನಿಸಿಕೊಂಡರು. 2021ರ ರ‍್ಯಾಪ್ಟರಿನಲ್ಲಿ ಎರಡೂ ಬದಿಯ ಕೊಳವೆಗಳು ಸಮ ಉದ್ದ ಇರಲೆಂದು ಒಂದನ್ನು ಟ್ರೊಂಬೋನ್ ವಾದ್ಯದಂತೆ ಸುತ್ತುಹಾಕಿಸಿ ತಂದರು. ಮೆಲ್ಲಗೆ, ಮಾಮೂಲು, ಜೋರು ಎಂದು ದನಿ ಬದಲಿಸುವ ಕವಾಟ ಇಟ್ಟರು. ಅಷ್ಟರಿಂದಲೂ ತೃಪ್ತಿಯಾಗದವರಿಗೆ 2023ರಲ್ಲಿ 700 ಅಶ್ವಶಕ್ತಿಯ ವಿ8 ಇರುವ ರ‍್ಯಾಪ್ಟರ್ ಆರ್ ಬಂತು. ಎಫ್-150ರ ಟರ್ಬೊ ಎಂಜಿನ್ನಿನ ದನಿಗೆ ಸ್ಪೀಕರಿನ ಮೂಲಕ ಮೆರುಗು ಕೊಡುತ್ತಿದ್ದುದು 2015ರಲ್ಲೇ ಅಮೆರಿಕದ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಡಾಡ್ಜ್ ಇನ್ನೂ ಮುಂದೆ ಹೋಗಿ, ಹೊಗೆಯೇ ಇಲ್ಲದ ವಿದ್ಯುತ್ ಚಾರ್ಜರ್ ಕಾರಿಗೆ ‘ಎಕ್ಸಾಸ್ಟ್’ ಇಟ್ಟು, 126 ಡೆಸಿಬೆಲ್ ತನಕ ಗುಡುಗುತ್ತದೆ ಎಂದು 2022ರಲ್ಲಿ ಸಾರಿತು. ಸದ್ದನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹಾರ್ಲೆ-ಡೇವಿಡ್‌ಸನ್ 1994ರಲ್ಲಿ ಅರ್ಜಿ ಹಾಕಿ, ಪ್ರತಿಸ್ಪರ್ಧಿಗಳ ಜೊತೆ ಆರು ವರ್ಷ ಜಗ್ಗಾಡಿ 2000ದಲ್ಲಿ ಕೈಬಿಟ್ಟಿತ್ತು. ಅಶ್ವಶಕ್ತಿಗೆ ಯಾರೂ ಇಷ್ಟು ಹಠ ಮಾಡಿದ್ದು ಕಾಣೆ.

ಕಿವಿಗೂ ವೇಗಕ್ಕೂ ನಂಟಿದೆ ಎಂಬುದೂ ಬರೀ ಭ್ರಮೆಯಲ್ಲ. ವಾಹನದ ಒಳಗಿನ ಸದ್ದನ್ನು ತಗ್ಗಿಸಿ ನಡೆಸಿದ ಪ್ರಯೋಗಗಳಲ್ಲಿ ಜನ ತಮ್ಮ ವೇಗವನ್ನು ಇರುವುದಕ್ಕಿಂತ ಕಡಿಮೆ ಎಂದು ಅಂದಾಜಿಸಿದ್ದಾರೆ. ಸದ್ದು ಹೆಚ್ಚಿದಾಗ ಗಾಡಿ ಚುರುಕಾದಂತೆ ಅನಿಸುವುದು ಅದರ ಇನ್ನೊಂದು ಮಗ್ಗುಲು. ಕಿಟ್ ಹಾಕಿಸಿಕೊಂಡವನು ‘ಈಗ ನೋಡಿ ಹೇಗೆ ಎಳೆಯುತ್ತದೆ’ ಎಂದರೆ ಅವನು ಸುಳ್ಳು ಹೇಳುತ್ತಿಲ್ಲ. ಅವನ ದೇಹಕ್ಕೆ ಹಾಗೇ ಅನಿಸಿದೆ, ಗಡಿಯಾರಕ್ಕೆ ಅನಿಸಿಲ್ಲ ಅಷ್ಟೆ.

ಇಲ್ಲಿ ನಾಜೂಕಿನ ಮಂದಿ ಮೂಗು ಮುರಿಯುತ್ತಾರೆ. ಜೋರು ಸದ್ದಿನ ಗಾಡಿ ಬಯಸುವುದು ಗಂಡಸುತನದ ಕೊರತೆಯ ಲಕ್ಷಣ ಎಂಬ ಹಳೆಯ ಕುಹಕಕ್ಕೆ ಈಗ ಸಂಶೋಧನೆಯ ಬೆಂಬಲವೂ ಸಿಕ್ಕಿದೆ. ಕೆನಡಾದ ಒಂಟಾರಿಯೊದ ವಿಶ್ವವಿದ್ಯಾಲಯವೊಂದರ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಮಫ್ಲರ್ ಬದಲಿಸಿ ಸದ್ದು ಮಾಡುವ ಆಸೆ ಗಂಡಸರಲ್ಲಿ, ಪರಹಿಂಸೆಯಲ್ಲಿ ಸುಖ ಕಾಣುವ ಸ್ವಭಾವದವರಲ್ಲಿ ಹೆಚ್ಚು. ಪ್ರಶ್ನೆಪತ್ರಿಕೆ ತುಂಬಿದವರು ಐನೂರು ಚಿಲ್ಲರೆ ವಾಣಿಜ್ಯ ವಿದ್ಯಾರ್ಥಿಗಳು. ಅದನ್ನು ಓದಿ ಬೀಗುವ ಆಸೆ ಯಾರಿಗಾದರೂ ಆದೀತು. ಆದರೆ ವಿದ್ಯಾರ್ಥಿಗಳ ಸ್ವಯಂಹೇಳಿಕೆಯಿಂದ ಟೆಕ್ಸಸ್ಸಿನ ರೈತನ ಮನಸ್ಸನ್ನು ಅಳೆಯುವುದು ಅವಸರ. ಡೊಳ್ಳಿನ ಪೆಟ್ಟು ಎದೆಗೆ ತಾಗಿದಾಗ ಹುಟ್ಟುವ ಖುಷಿಯನ್ನು ನಾವು ಕಾಯಿಲೆ ಎನ್ನುವುದಿಲ್ಲ. ತಗ್ಗುಶ್ರುತಿಯ ಲಯಬದ್ಧ ಸದ್ದು ಮನುಷ್ಯನಿಗೆ ಹಿತ. ಅದನ್ನು ಕೊಂಡವನು ನಾಚಬೇಕಾದ್ದಿಲ್ಲ. ನಾಚಿಕೆಯೇ ಅವನನ್ನು ಅಶ್ವಶಕ್ತಿಯ ನೆಪದ ಹಿಂದೆ ಅಡಗಿಸುತ್ತದೆ ಎಂದು ನನ್ನ ಗುಮಾನಿ.

ಸದ್ದು ಹಿತ ಎಂದ ಮಾತ್ರಕ್ಕೆ ಎಲ್ಲರಿಗೂ ಹಿತವಲ್ಲ, ಅದು ಗೊತ್ತಿರುವುದೇ. ನನ್ನ ಟ್ರಕ್ಕು, ನನ್ನ ದುಡ್ಡು ಎಂಬ ವಾದ ಕೊಳವೆಯ ಬಾಯಿಯವರೆಗೆ ಸರಿ, ಅಲ್ಲಿಂದಾಚೆ ಅಲ್ಲ. ಡೆಸಿಬೆಲ್ಲಿನ ಲೆಕ್ಕವೂ ಮೋಸದ್ದು. ಮೂರು ಡೆಸಿಬೆಲ್ ಹೆಚ್ಚಿದರೆ ಶಬ್ದದ ಶಕ್ತಿ ಇಮ್ಮಡಿ, ಹತ್ತು ಹೆಚ್ಚಿದರೆ ಕಿವಿಗೆ ಎರಡು ಪಟ್ಟು ಜೋರು ಅನಿಸುತ್ತದೆ. ಅಮೆರಿಕದ ಕೇಂದ್ರ ಸರ್ಕಾರ 10,000 ಪೌಂಡ್ ಮೀರಿದ ಟ್ರಕ್ಕುಗಳ ಸದ್ದಿಗೆ ಮಿತಿ ಹಾಕಿತೇ ಹೊರತು ಮನೆಬಳಕೆಯ ಪಿಕಪ್‌ಗಳನ್ನು ಮುಟ್ಟಲಿಲ್ಲ. ಪರಿಸರ ಸಂರಕ್ಷಣಾ ಸಂಸ್ಥೆಯ ಶಬ್ದ ವಿಭಾಗಕ್ಕೆ 1980ರ ದಶಕದ ಆರಂಭದಲ್ಲಿ ಹಣ ನಿಂತುಹೋಯಿತು. ಉಳಿದದ್ದು ರಾಜ್ಯಗಳ ಪಾಡು. ಕ್ಯಾಲಿಫೋರ್ನಿಯದಲ್ಲಿ 6,000 ಪೌಂಡಿಗಿಂತ ಕಡಿಮೆ ತೂಕಶ್ರೇಣಿಯ ವಾಹನಕ್ಕೆ ಎಕ್ಸಾಸ್ಟ್ ಮಿತಿ 95 ಡೆಸಿಬೆಲ್. ದೊಡ್ಡ ಪಿಕಪ್‌ಗಳಲ್ಲಿ ಹೆಚ್ಚಿನವು ಆ ತೂಕ ಮೀರುತ್ತವೆ ಎಂಬುದು ಕಾನೂನಿನ ತಮಾಷೆ. ನ್ಯೂಯಾರ್ಕ್ ರಾಜ್ಯ 2021ರಲ್ಲಿ ದಂಡದ ಮಿತಿಯನ್ನು 150ರಿಂದ 1,000 ಡಾಲರಿಗೆ ಏರಿಸಿತು. ನ್ಯೂಯಾರ್ಕ್ ನಗರದಲ್ಲಿ 85 ಡೆಸಿಬೆಲ್ ದಾಟಿದ ಗಾಡಿಯನ್ನು ಮೈಕು, ಕ್ಯಾಮೆರಾ ಸೇರಿ ಹಿಡಿಯುತ್ತವೆ. ದಂಡ 800 ಡಾಲರಿನಿಂದ ಶುರು. ಸದ್ದನ್ನು ಸದ್ದೆಂದೇ ಒಪ್ಪಿಕೊಂಡರೆ ಈ ಜಗಳಕ್ಕೆ ಪರಿಹಾರ ಇದೆ. ಅದು ಆಗಲೇ ಕವಾಟದ ರೂಪದಲ್ಲಿ ಬಂದಿದೆ. ಬಡಾವಣೆಯಲ್ಲಿ ಮುಚ್ಚಿಕೊಂಡು, ಬಯಲಿನಲ್ಲಿ ತೆರೆದುಕೊಳ್ಳುವ ಎಕ್ಸಾಸ್ಟ್ ಈಗ ಅಂಗಡಿಯಲ್ಲೇ ಸಿಗುತ್ತದೆ.

ನೆಪಕ್ಕೆ ಅಂಥ ಕವಾಟ ಇಲ್ಲ. ಅದರ ಕೊನೆಯ ನಿಲ್ದಾಣ ನೋಡಬೇಕಾದರೆ ಡೀಸೆಲ್ ಪಿಕಪ್‌ಗಳ ಕಡೆ ಹೋಗಬೇಕು. 2007ರಿಂದ ಅವುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, 2010ರ ಹೊತ್ತಿಗೆ ಯೂರಿಯಾ ಸಿಂಪಡಿಸಿ ನೈಟ್ರೊಜನ್ ಆಕ್ಸೈಡ್ ತಗ್ಗಿಸುವ ವ್ಯವಸ್ಥೆಯೂ ಬಂತು. ಇವು ಎಂಜಿನ್ನಿನ ಉಸಿರು ಕಟ್ಟುತ್ತವೆ, ಕಿತ್ತರೆ ಶಕ್ತಿ ಹೆಚ್ಚುತ್ತದೆ, ಮೈಲೇಜು ಹೆಚ್ಚುತ್ತದೆ ಎಂಬ ಮಾತು ಇಲ್ಲಿ ಪೊಳ್ಳಲ್ಲ, ನಿಜವೇ. ಆದ್ದರಿಂದಲೇ ಅಪಾಯ. ‘ಡಿಲೀಟ್’ ಕಿಟ್ಟುಗಳು ರಾಜಾರೋಷವಾಗಿ ಮಾರಾಟವಾದವು. ಪರಿಸರ ಸಂರಕ್ಷಣಾ ಸಂಸ್ಥೆ 2020ರ ವರದಿಯಲ್ಲಿ ಲೆಕ್ಕ ಹಾಕಿತು. ಸುಮಾರು ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಶುದ್ಧೀಕರಣ ವ್ಯವಸ್ಥೆ ಕಿತ್ತುಹಾಕಲಾಗಿದೆ. ಅವುಗಳ ಆಯುಷ್ಯದಲ್ಲಿ 5,70,000 ಟನ್ ನೈಟ್ರೊಜನ್ ಆಕ್ಸೈಡ್, 5,000 ಟನ್ ಕಣಮಾಲಿನ್ಯ ಹೆಚ್ಚುವರಿಯಾಗಿ ಗಾಳಿಗೆ ಸೇರುತ್ತದೆ. ಇಂಥ ಟ್ರಕ್ಕುಗಳನ್ನು ಕಟ್ಟಿ ಟೀವಿಯಲ್ಲಿ ಮೆರೆದ ‘ಡೀಸೆಲ್ ಬ್ರದರ್ಸ್’ ತಂಡಕ್ಕೆ ಯೂಟಾದ ಫೆಡರಲ್ ನ್ಯಾಯಾಲಯ 2020ರಲ್ಲಿ ಎಂಟು ಲಕ್ಷ ಡಾಲರಿಗೂ ಹೆಚ್ಚು ದಂಡ ಹಾಕಿತು. ಮೊಕದ್ದಮೆ ಹೂಡಿದ್ದು ಅಲ್ಲಿನ ವೈದ್ಯರ ಸಂಘಟನೆ. ಕಂಪನಿಗಳೇನು ಸಾಚಾ ಅಲ್ಲ ಎಂದು ಟ್ರಕ್ಕಿನವರು ಹೇಳಿದರೆ ಅದಕ್ಕೂ ಆಧಾರವಿದೆ. ರ‍್ಯಾಮ್ ಪಿಕಪ್‌ಗಳಿಗೆ ಎಂಜಿನ್ ಒದಗಿಸುವ ಕಮಿನ್ಸ್ ತಪಾಸಣೆಯನ್ನು ವಂಚಿಸುವ ತಂತ್ರ ಅಳವಡಿಸಿದ ಆರೋಪಕ್ಕೆ 167 ಕೋಟಿ ಡಾಲರಿಗೂ ಮಿಕ್ಕಿ ದಂಡ ತೆರಲು 2023ರ ಡಿಸೆಂಬರಿನಲ್ಲಿ ಒಪ್ಪಿತು. ಹಾಗೆಂದು ಮಕ್ಕಳ ಶ್ವಾಸಕೋಶಕ್ಕೆ ಹೋಗುವ ಮಸಿ ಯಾರ ಕೊಳವೆಯದು ಎಂದು ವಿಚಾರಿಸಿಕೊಂಡು ಹೋಗುವುದಿಲ್ಲ.

ನಮ್ಮಲ್ಲಿ ಈ ಕಥೆ ಬುಲೆಟ್ ಬೈಕುಗಳಲ್ಲಿ ನಡೆಯುತ್ತದೆ. ಕರ್ನಾಟಕದ ಊರುಗಳಲ್ಲಿ ಪೊಲೀಸರು ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹರಿಸುವ ಫೋಟೊ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಶಬ್ದ, ಹೊಗೆಯ ಮಾನದಂಡ ಮೀರಿದರೆ ಹತ್ತು ಸಾವಿರ ರೂಪಾಯಿವರೆಗೆ ದಂಡ. ಒಂದು ವ್ಯತ್ಯಾಸವಿದೆ. ನಮ್ಮ ಹುಡುಗರು ಅಶ್ವಶಕ್ತಿಯ ಮಾತೇ ಎತ್ತುವುದಿಲ್ಲ. ‘ಸೌಂಡ್ ಬೇಕು ಅಣ್ಣ’ ಎಂದೇ ಕೇಳುತ್ತಾರೆ. ಆ ಮಟ್ಟಿಗೆ ಅವರು ಪ್ರಾಮಾಣಿಕರು.

ಅಮೆರಿಕದ ಕಿಟ್ ತಯಾರಕರೂ ಆ ಪ್ರಾಮಾಣಿಕತೆಗೆ ಬಂದರೆ ಡಬ್ಬಿಯ ಮೇಲಿನ ಬರಹವೇ ಬದಲಾಗಬೇಕಾಗುತ್ತದೆ. ಕೊಳವೆಯ ಬಾಯಿಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ ಮೈಕ್ ಇಟ್ಟು ನಿಂತ ವಾಹನದ ಸದ್ದು ಅಳೆಯುವ ಪದ್ಧತಿ ಅಲ್ಲಿನ ಎಂಜಿನಿಯರುಗಳ ಸಂಘ ಎಂದೋ ರೂಪಿಸಿಟ್ಟಿದೆ. ಆ ಅಂಕಿ ಡಬ್ಬಿಯ ಮೇಲೆ ಇರಲಿ. ಹೆದ್ದಾರಿಯ ವೇಗದಲ್ಲಿ ಚಾಲಕನ ಕಿವಿಯ ಬಳಿ ಎಷ್ಟು ಡೆಸಿಬೆಲ್, ಯಾವ ಆರ್‌ಪಿಎಂನಲ್ಲಿ ಡ್ರೋನ್, ಅದಕ್ಕೆ ಕುರುಡು ಕವಲು ಇದೆಯೋ ಇಲ್ಲವೋ, ಉಕ್ಕು ಅಗ್ಗದ 409 ದರ್ಜೆಯದೋ 304ರದೋ, ನಾರು ಎಷ್ಟು ವರ್ಷಕ್ಕೆ ಸುಟ್ಟುಹೋಗಿ ದನಿ ಒಡೆಯುತ್ತದೆ, ಇದೂ ಇರಲಿ. ಅಶ್ವಶಕ್ತಿಯನ್ನು ಹಾಕಲೇಬೇಕೆಂದಿದ್ದರೆ ಮೂರು ಓಟಗಳ ಸರಾಸರಿಯನ್ನು, ಯಾವ ಆರ್‌ಪಿಎಂನಲ್ಲಿ ಎಂಬುದರ ಸಮೇತ, ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಬಹುದು.